ಏತ, ರಾಟೆ, ತೊಟ್ಟಿಲು: ಬಳ್ಳಾರಿ ಸೀಮೆಯ ಜಾತ್ರೆಯ ಆಟಗಳು

ಜಾತ್ರೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಗುಡಿಯಿಂದ ಆರಂಭಿಸಿ ತೇರಿನಲ್ಲಿ ಮುಗಿಸುತ್ತಾರೆ. ಗುಡಿ ಕಟ್ಟಿಸಿದ ಅರಸ, ದತ್ತಿ ಬಿಟ್ಟ ದಂಡನಾಯಕ, ಶಾಸನದ ಕಾಲ, ತೇರಿನ ಎತ್ತರ ಎಲ್ಲವೂ ಅಲ್ಲಿರುತ್ತವೆ. ಗುಡಿಯ ಹಿಂದಿನ ಬಯಲಿನಲ್ಲಿ ತಿರುಗುವ ತೊಟ್ಟಿಲಿಗೆ ಮಾತ್ರ ಒಂದು ಸಾಲೂ ಸಿಗುವುದಿಲ್ಲ. ಆದರೆ ಜಾತ್ರೆಗೆ ಹೊರಟ ಹತ್ತು ವರ್ಷದ ಹುಡುಗನನ್ನು ಕೇಳಿ ನೋಡಿ, ಅವನ ಪಾಲಿಗೆ ಜಾತ್ರೆ ಎಂದರೆ ಮೊದಲು ತೊಟ್ಟಿಲು, ಆಮೇಲೆ ಮಿರ್ಚಿ, ಕೊನೆಗೆ ಅಜ್ಜಿ ಕೈಹಿಡಿದು ಎಳೆದೊಯ್ದರೆ ದೇವರು.

ಸಿರುಗುಪ್ಪ, ಕುರುಗೋಡು ಭಾಗದ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಪಾಠ ಹೇಳಿದವನು ನಾನು. ನಿವೃತ್ತನಾದ ಮೇಲೂ ತೊಟ್ಟಿಲು ಹತ್ತುವ ಹುಚ್ಚು ಬಿಟ್ಟಿಲ್ಲ. 'ಈ ವಯಸ್ಸಿಗೆ ಇದೇನು ಮೇಷ್ಟ್ರೇ' ಎಂದು ನಗುವವರಿಗೆ, ನಾನು ಹತ್ತುವುದು ಆಟದ ಸಾಮಾನನ್ನಲ್ಲ, ನಮ್ಮ ಸೀಮೆಯ ಇತಿಹಾಸವನ್ನು ಎಂದು ಉತ್ತರಿಸುತ್ತೇನೆ. ತಮಾಷೆಗೆ ಆಡುವ ಮಾತಾದರೂ ಅದರಲ್ಲಿ ಸತ್ಯವಿದೆ. ಜಾತ್ರೆಯ ಆಟದ ಯಂತ್ರಗಳು ಎಲ್ಲಿಂದಲೋ ಬಂದ ಪೇಟೆಯ ಸರಕೆಂದು ನಾವು ಭಾವಿಸುತ್ತೇವೆ. ಅವುಗಳ ಬೇರು ನಮ್ಮ ಬಾವಿಯ ಏತದಲ್ಲಿ, ನೀರೆತ್ತುವ ರಾಟೆಯಲ್ಲಿ, ಹೊಳೆಯ ಹರಿಗೋಲಿನಲ್ಲಿ ಇದೆ ಎಂಬುದನ್ನು ಪ್ರಿಯ ಓದುಗರ ಮುಂದೆ ಇಡುವುದೇ ಈ ಬರಹದ ಉದ್ದೇಶ.

ತಿರುಗುವ ಮಂಟಪ, ತೂಗುವ ಆನೆ

ಮೊದಲ ಸಾಕ್ಷಿ ಹಂಪಿಯದು. ಈಗ ಹಂಪಿ ವಿಜಯನಗರ ಜಿಲ್ಲೆಗೆ ಸೇರಿದೆ. 2021ರವರೆಗೆ ಅದು ನಮ್ಮ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಪರ್ಷಿಯಾದ ಷಾ ರುಖ್ ದೊರೆಯ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದು ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡನು. ವಿಶಾಲವಾದ ಬಯಲಿನಲ್ಲಿ ಮೂರು, ನಾಲ್ಕು, ಐದು ಅಂತಸ್ತಿನ ಮಂಟಪಗಳನ್ನು ನಿಲ್ಲಿಸಿದ್ದರೆಂದೂ, ಅವುಗಳ ಮೇಲೆ ಮನುಷ್ಯರು, ಮೃಗಪಕ್ಷಿಗಳು ಮಾತ್ರವಲ್ಲ, ನೊಣ ಸೊಳ್ಳೆಗಳ ಚಿತ್ರಗಳನ್ನೂ ಬರೆದಿದ್ದರೆಂದೂ ಅವನು ವರ್ಣಿಸುತ್ತಾನೆ. ಆ ಮಂಟಪಗಳಲ್ಲಿ ಕೆಲವು ಬೇಗಬೇಗನೆ ತಿರುಗುತ್ತಿದ್ದವಂತೆ. ನೋಡುತ್ತ ನಿಂತವರಿಗೆ ಕ್ಷಣಕ್ಷಣಕ್ಕೆ ಹೊಸದೊಂದು ಮುಖ ಕಾಣುತ್ತಿತ್ತಂತೆ.

ಅದೇ ಉತ್ಸವದಲ್ಲಿ ಅವನು ಆನೆಯ ಆಟವೊಂದನ್ನೂ ಕಂಡನು. ಎತ್ತರದ ಕಂಬಗಳ ಮೇಲೆ ತಕ್ಕಡಿಯ ದಂಡಿಗೆಯಂತೆ ಒಂದು ದೊಡ್ಡ ತೊಲೆ. ತೊಲೆಯ ಒಂದು ತುದಿಗೆ ಆನೆಯ ತೂಕಕ್ಕೆ ಸಮನಾದ ಕಲ್ಲು, ಇನ್ನೊಂದು ತುದಿಯ ಹಲಗೆಯ ಮೇಲೆ ಆನೆ. ತೊಲೆ ಏರಿದಂತೆ ಆನೆ ಏರುತ್ತಿತ್ತು, ಇಳಿದಂತೆ ಇಳಿಯುತ್ತಿತ್ತು. ವಾದ್ಯದ ತಾಳಕ್ಕೆ ಸೊಂಡಿಲು ಆಡಿಸುತ್ತಿತ್ತು. ಇಂದು ಉದ್ಯಾನಗಳಲ್ಲಿ ಮಕ್ಕಳು ಎದುರುಬದುರು ಕುಳಿತು ಮೇಲೆ ಕೆಳಗೆ ಆಡುವ ಹಲಗೆ ಇದೇ ಅಲ್ಲವೇ? ತಿರುಗುವುದು ಮತ್ತು ಏರಿಳಿಯುವುದು, ಈ ಎರಡನ್ನು ಬಿಟ್ಟರೆ ಜಗತ್ತಿನ ಆಟದ ಯಂತ್ರಗಳಲ್ಲಿ ಉಳಿಯುವುದು ಅತ್ಯಲ್ಪ. ಎರಡೂ ನಮ್ಮ ಮಗ್ಗುಲಲ್ಲೇ ಸುಮಾರು ಆರು ಶತಮಾನಗಳ ಹಿಂದೆ ಜನರ ಕಣ್ಣಿಗೆ ಹಬ್ಬವಾಗಿದ್ದವು.

ಏತದಿಂದ ಸಿಡಿ

ಈ ತೊಲೆಯ ತಂತ್ರವನ್ನು ಕಂಡುಹಿಡಿಯಲು ಅರಮನೆಯ ಶಿಲ್ಪಿಯೇ ಬೇಕಿರಲಿಲ್ಲ. ಬಾವಿಯ ಏತ ಹೊಡೆಯುವ ಪ್ರತಿಯೊಬ್ಬ ಒಕ್ಕಲಿಗನೂ ಅದನ್ನು ಬಲ್ಲನು. ಉದ್ದ ಮರ, ನಡುವೆ ಆಧಾರ, ಒಂದು ತುದಿಗೆ ಭಾರ, ಇನ್ನೊಂದು ತುದಿಗೆ ನೀರಿನ ಪಾತ್ರೆ. ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸಾ 16ನೇ ಶತಮಾನದ ಎರಡನೆಯ ದಶಕದಲ್ಲಿ ವಿಜಯನಗರ ರಾಜ್ಯದ ಬಗ್ಗೆ ಬರೆಯುತ್ತ, ಹರಕೆ ಹೊತ್ತ ತರುಣಿಯೊಬ್ಬಳನ್ನು ಎತ್ತಿನ ಬಂಡಿಯ ಮೇಲೆ ನಿಲ್ಲಿಸಿದ ಎತ್ತರದ ಮರಕ್ಕೆ ಕಬ್ಬಿಣದ ಕೊಕ್ಕೆಗಳಿಂದ ತೂಗಿ ಮೆರವಣಿಗೆ ಮಾಡುವ ಪದ್ಧತಿಯನ್ನು ವರ್ಣಿಸುತ್ತಾನೆ. ಆ ಮರವನ್ನು ತನ್ನ ಓದುಗರಿಗೆ ತಿಳಿಸಿಕೊಡಲು ಅವನು ಆರಿಸಿಕೊಂಡ ಹೋಲಿಕೆ ಯಾವುದು ಗೊತ್ತೇ? ಸ್ಪೇನಿನ ಕ್ಯಾಸ್ಟೀಲಿನಲ್ಲಿ ಬಾವಿಯಿಂದ ನೀರೆತ್ತಲು ಬಳಸುವ ಏತ.

ಇದೇ ನಮ್ಮ ಸಿಡಿ. ಬಳ್ಳಾರಿ ನಗರದ ಕನಕದುರ್ಗಮ್ಮನ ಸಿಡಿಬಂಡಿ ಉತ್ಸವವನ್ನು ಕಂಡವರಿಗೆ ಬಾರ್ಬೋಸಾನ ವರ್ಣನೆಯ ಎತ್ತಿನ ಬಂಡಿ ಅಪರಿಚಿತವೆನಿಸದು. ಈಗ ಅಲ್ಲಿ ಯಾರನ್ನೂ ಕೊಕ್ಕೆಗೆ ತೂಗುವುದಿಲ್ಲ. ಅಲಂಕರಿಸಿದ ಎತ್ತುಗಳು ಎಳೆಯುವ ಬಂಡಿ ಗುಡಿಯನ್ನು ಸುತ್ತುತ್ತದೆ, ಸುತ್ತಲಿನ ಊರುಗಳ ಜನಸಾಗರ ಕೈಮುಗಿದು ನಿಲ್ಲುತ್ತದೆ. ಮನುಷ್ಯರನ್ನು ಕೊಕ್ಕೆಗೆ ತೂಗುವ ಸಿಡಿಯ ಬಗ್ಗೆ ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ 19ನೇ ಶತಮಾನದುದ್ದಕ್ಕೂ ವಿಚಾರಣೆಗಳೂ ವಾದವಿವಾದಗಳೂ ನಡೆದವು. ಎಡ್ಗರ್ ಥರ್ಸ್ಟನ್ 1906ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಾಂಗ ಟಿಪ್ಪಣಿಗಳಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ.

ಇದನ್ನು ವಿನೋದದ ಚರಿತ್ರೆಯಲ್ಲಿ ಸೇರಿಸುವುದು ಸರಿಯೇ ಎಂದು ಕೆಲವರು ಕೇಳಬಹುದು. ಸರಿಯೆಂದೇ ನನ್ನ ಅಭಿಪ್ರಾಯ. ನೆಲದಿಂದ ಮೇಲೆದ್ದು ಊರನ್ನೆಲ್ಲ ಕೆಳಗೆ ಕಾಣುವ ಸುಖ ಒಂದು ಕಾಲಕ್ಕೆ ಅರಸನ ಅಂಬಾರಿಗೆ ಮೀಸಲಾಗಿತ್ತು. ಸಾಮಾನ್ಯರಿಗೆ ಅದು ದಕ್ಕುತ್ತಿದ್ದುದು ಹರಕೆಯ ಹೆಸರಿನಲ್ಲಿ, ಬೆನ್ನಿನ ಮಾಂಸದ ಬೆಲೆ ತೆತ್ತು. ಅದೇ ಎತ್ತರ ಇಂದು ನೋವಿಲ್ಲದೆ, ನಗುತ್ತ, ಚಿಲ್ಲರೆ ಕಾಸಿಗೆ ಸಿಗುತ್ತದೆ. ತೊಟ್ಟಿಲಿನ ಇತಿಹಾಸದಲ್ಲಿ ನನಗೆ ಬಹು ದೊಡ್ಡದಾಗಿ ಕಾಣುವ ಘಟನೆ ಇದೇ.

ಹರಿಗೋಲಿನ ಸುತ್ತು

ಮೂರನೆಯ ಸಾಕ್ಷಿ ತುಂಗಭದ್ರೆಯದು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಬಂದ ದೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟುವ ದೋಣಿಗಳನ್ನು ಕಂಡು ಬೆರಗಾದನು. ಬುಟ್ಟಿಯಂತೆ ದುಂಡಗಿನವು, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲವು. ನೆಟ್ಟಗೆ ಹೋಗಲಾರದೆ ಸದಾ ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿದ್ದಾನೆ. ನಮ್ಮ ಸಿರುಗುಪ್ಪದವರಿಗೆ ಇದು ಹೊಸ ವಿಷಯವಲ್ಲ. ಹೊಳೆಯಾಚೆ ರಾಯಚೂರು ಜಿಲ್ಲೆ. ಸೇತುವೆ ದೂರವಿದ್ದ ಊರುಗಳಲ್ಲಿ ನೆಂಟರ ಮನೆಗೆ, ಸಂತೆಗೆ, ಹೊಲಕ್ಕೆ ಹರಿಗೋಲೇ ಗತಿಯಾಗಿತ್ತು. ದಾಟುವಾಗ ಅಂಬಿಗನು ಬೇಕೆಂದೇ ಹುಟ್ಟನ್ನು ಒಂದೇ ಕಡೆ ಹಾಕಿ ಬುಟ್ಟಿಯನ್ನು ಗಿರಗಿರನೆ ತಿರುಗಿಸಿದರೆ ಹೆಂಗಸರು ಮಕ್ಕಳೆಲ್ಲ ಕಿರುಚುತ್ತಿದ್ದರು. ಇಂದು ಜಾತ್ರೆಯಲ್ಲಿ 'ಬ್ರೇಕ್ ಡ್ಯಾನ್ಸ್' ಎಂಬ ಹೆಸರಿನ ಆಟ ಬರುತ್ತದೆ. ದೊಡ್ಡ ತಟ್ಟೆಯೊಂದು ತಿರುಗುತ್ತಿದ್ದರೆ ಅದರ ಮೇಲಿನ ಒಂದೊಂದು ಕುರ್ಚಿಯೂ ತನ್ನಷ್ಟಕ್ಕೆ ತಾನು ತಿರುಗುತ್ತದೆ. ಅದರಲ್ಲಿ ಕುಳಿತಾಗಲೆಲ್ಲ ನನಗೆ ನೆನಪಾಗುವುದು ಸಿರುಗುಪ್ಪದ ಹೊಳೆಯ ಸುಳಿ.

ರಾಟೆಯಿಂದ ಜೈಂಟ್ ವೀಲ್

ಇನ್ನು ತೊಟ್ಟಿಲಿಗೆ ಬರೋಣ. ನಮ್ಮ ಸೀಮೆ ಕನ್ನಡ ತೆಲುಗು ಎರಡೂ ಆಡುವ ಸೀಮೆ. ತೆಲುಗರು ಇಂಥ ತಿರುಗುವ ಆಟಕ್ಕೆ 'ರಂಗುಲ ರಾಟ್ನಂ' ಎನ್ನುತ್ತಾರೆ. ತೆಲುಗಿನ ರಾಟ್ನಂ, ಕನ್ನಡದ ರಾಟೆ, ರಾಟಣ, ಮರಾಠಿಯ ರಹಾಟ ಇವೆಲ್ಲವೂ ಸಂಸ್ಕೃತದ 'ಅರಘಟ್ಟ' ಎಂಬ ಮಾತಿಗೆ ಸಂಬಂಧಿಸಿದವು. ಅರಘಟ್ಟವೆಂದರೆ ಬಾವಿಯಿಂದ ನೀರೆತ್ತುವ, ಮಡಕೆಗಳನ್ನು ಕಟ್ಟಿದ ಚಕ್ರ. ತುಂಬಿದ ಮಡಕೆ ಮೇಲೇರುತ್ತದೆ, ಬರಿದಾದ ಮಡಕೆ ಕೆಳಗಿಳಿಯುತ್ತದೆ. ಮಡಕೆಯ ಜಾಗದಲ್ಲಿ ಮಗುವನ್ನು ಕೂರಿಸಿದರೆ ತೊಟ್ಟಿಲಾಯಿತು! ವಸ್ತುವಿನ ಹುಟ್ಟು ಮರೆತುಹೋದರೂ ಮಾತು ಅದನ್ನು ಮರೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಜನರನ್ನು ಹೊತ್ತು ತಿರುಗುವ ಚಕ್ರ ನಮ್ಮಲ್ಲಿ ಮಾತ್ರವೇ ಇದ್ದುದಲ್ಲ. ಇಟಲಿಯ ಪಿಯೆತ್ರೊ ದೆಲ್ಲ ವಾಲೆ 1615ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ರಂಜಾನ್ ಹಬ್ಬದ ಸಂಭ್ರಮದಲ್ಲಿ ಇಂಥ ದೊಡ್ಡ ಚಕ್ರವನ್ನು ತಾನೇ ಹತ್ತಿ ಸಂತೋಷಪಟ್ಟನು. ಜೊತೆಗಿದ್ದ ಗ್ರೀಕನೊಬ್ಬ ಮಾತ್ರ ತಾಳಲಾರದೆ ಸಾಕು ಸಾಕೆಂದು ಕೂಗಿದನಂತೆ. ಇದೇ ದೆಲ್ಲ ವಾಲೆ 1623ರಲ್ಲಿ ನಮ್ಮ ಇಕ್ಕೇರಿಗೆ ಬಂದು ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡವನು. ಅವನ ಅನುಭವಕ್ಕೆ ಐದು ವರ್ಷಗಳ ನಂತರ, 1620ರಲ್ಲಿ, ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಇಂದಿನ ಬಲ್ಗೇರಿಯದಲ್ಲಿ ಇಂಥದೇ ಚಕ್ರಗಳನ್ನು ಕಂಡು ಬರೆದಿಟ್ಟನು. ಅಮೆರಿಕದ ಜಾರ್ಜ್ ಫೆರಿಸ್ 1893ರ ಷಿಕಾಗೋ ಮಹಾಪ್ರದರ್ಶನಕ್ಕಾಗಿ ಕಟ್ಟಿದ ಉಕ್ಕಿನ ಚಕ್ರವು 264 ಅಡಿ ಎತ್ತರವಿತ್ತು. 36 ಪೆಟ್ಟಿಗೆಗಳು, ಒಂದೊಂದರಲ್ಲಿ 60 ಜನ, ಒಟ್ಟು 2160 ಮಂದಿ ಏಕಕಾಲಕ್ಕೆ ಕೂರಬಹುದಾಗಿತ್ತು. ಹೆಸರು ಅವನಿಗೆ ಬಂತು, ಚಕ್ರ ಮಾತ್ರ ಅವನಿಗಿಂತ ಹಳೆಯದು.

ನಾನು ಮೊದಲು ಕಂಡ ತೊಟ್ಟಿಲು ಮರದ್ದು. ನಾಲ್ಕೇ ಪೆಟ್ಟಿಗೆ; ಇಬ್ಬರು ಆಳುಗಳು ಕೈಯಿಂದಲೇ ತಳ್ಳಿ ತಿರುಗಿಸುತ್ತಿದ್ದರು. ಪಕ್ಕದಲ್ಲಿ ಬಣ್ಣ ಮಾಸಿದ ಮರದ ಕುದುರೆಗಳ ಸುತ್ತು. ಆಮೇಲೆ ಕಬ್ಬಿಣದ ತೊಟ್ಟಿಲು ಬಂತು, ಡೀಸೆಲ್ ಯಂತ್ರ ಬಂತು, ಬಣ್ಣದ ದೀಪ ಬಂತು. ಇಷ್ಟು ದೊಡ್ಡ ಚಕ್ರವನ್ನು ಅಷ್ಟು ಚಿಕ್ಕ ಯಂತ್ರ ಹೇಗೆ ತಿರುಗಿಸುತ್ತದೆಂದು ಕುರುಗೋಡು ಜಾತ್ರೆಯಲ್ಲಿ ಒಬ್ಬ ತೊಟ್ಟಿಲಿನವನನ್ನು ಕೇಳಿದ್ದೆ. 'ತೂಕ ನೋಡಿ ಹತ್ತಿಸಬೇಕ್ರಿ ಮೇಷ್ಟ್ರೇ, ಯಂತ್ರ ಬರೇ ನೆಪ' ಎಂದನಾತ. ಒಂದು ಪೆಟ್ಟಿಗೆ ತುಂಬಿಸಿದ ಕೂಡಲೇ ಪಕ್ಕದ್ದನ್ನು ತುಂಬಿಸುವುದಿಲ್ಲ, ಅರ್ಧ ಸುತ್ತು ತಿರುಗಿಸಿ ಎದುರಿನದನ್ನು ತುಂಬಿಸುತ್ತಾರೆ. ಎರಡು ಕಡೆಯ ಭಾರ ಸಮನಾದರೆ ಚಕ್ರ ಹಗುರಾಗುತ್ತದೆ. ದೇವರಾಯನ ಆನೆಗೆ ಎದುರಾಗಿ ಇಟ್ಟ ಕಲ್ಲಿನ ಲೆಕ್ಕವೇ ಇದು. ಮರುವಾರ ಎಂಟನೆಯ ತರಗತಿಯಲ್ಲಿ ಸನ್ನೆಗೋಲಿನ ಪಾಠಕ್ಕೆ ವಿಜ್ಞಾನದ ಮೇಷ್ಟ್ರು ಈ ಉದಾಹರಣೆಯನ್ನು ನನ್ನಿಂದ ಸಾಲ ಪಡೆದರು.

ಆಟಗಳ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ತೊಟ್ಟಿಲಿಗೆ ಮೊದಲ ಸ್ಥಾನ. ಅದು ಹೆದರಿಸುತ್ತದೆ, ಆದರೆ ನೋಡಲೂ ಬಿಡುತ್ತದೆ. 'ಕೊಲಂಬಸ್' ದೋಣಿಗೆ ಎರಡನೆಯದು. ಅದರ ತುದಿಯ ಸಾಲಿನಲ್ಲಿ ಕುಳಿತವರಿಗೇ ನಿಜವಾದ ರುಚಿ, ನಡುವೆ ಕುಳಿತವರಿಗೆ ಉಯ್ಯಾಲೆ ಮಾತ್ರ. ಬ್ರೇಕ್ ಡ್ಯಾನ್ಸ್ ಯುವಕರಿಗೆ ಬಿಟ್ಟದ್ದು. ಹಲಗೆಯ ಬಾವಿಯೊಳಗೆ ಮೋಟಾರ್ ಸೈಕಲ್ ಓಡಿಸುವುದನ್ನು ಒಮ್ಮೆ ನೋಡಿದರೆ ಸಾಕು. ಅಲ್ಲಿ ಪ್ರಾಣ ಒತ್ತೆಯಿಟ್ಟವನು ಬೇರೆಯವನು, ಚಪ್ಪಾಳೆ ನಮ್ಮದು. ಅದು ನನಗೆ ಹಳೆಯ ಸಿಡಿಯನ್ನೇ ನೆನಪಿಸುತ್ತದೆ.

ತಿನಿಸಿನ ಮಾತು, ಹೋಗುವ ಹೊತ್ತು

ಕುರುಗೋಡು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಿಂದ ಅರಸರ ನೆಲೆಯಾಗಿದ್ದ ಊರು. ಅಲ್ಲಿನ ದೊಡ್ಡಬಸವೇಶ್ವರ ಏಕಶಿಲೆಯ ಬೃಹತ್ ನಂದಿ. ಅವನ ಜಾತ್ರೆ ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತದೆ. ಬಳ್ಳಾರಿಯ ಸಿಡಿಬಂಡಿಯೂ ಬೇಸಿಗೆಯ ಬಾಗಿಲಲ್ಲೇ. ಇದು ಕಾಕತಾಳೀಯವಲ್ಲ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು, ಎತ್ತಿಗೂ ಆಳಿಗೂ ಬಿಡುವು, ರಾತ್ರಿ ಬೆಳದಿಂಗಳು. ರೈತನ ಪಂಚಾಂಗವೇ ಜಾತ್ರೆಯ ಪಂಚಾಂಗ.

ತಿನಿಸಿನಲ್ಲಿ ನಮ್ಮ ಸೀಮೆಗೆ ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿಗೆ ಸಾಟಿಯಿಲ್ಲ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ ಕೊಡುತ್ತಾರೆ. ಇದರ ಹಿಂದೆಯೂ ಇತಿಹಾಸವಿದೆ. ಮಂಡಕ್ಕಿಗೆ ಬೇಕಾದ ಭತ್ತ ತುಂಗಭದ್ರೆಯ ನೀರಿನ ಕೂಸು. ಅಣೆಕಟ್ಟು ಪೂರ್ಣಗೊಂಡದ್ದು 1953ರಲ್ಲಾದರೂ ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರ ಕಾಲದಿಂದಲೂ ಹೆಸರಾದವು. ಬಯಲುಸೀಮೆಯ ಬಿಸಿಲಿನ ನಡುವೆ ಅನ್ನದ ಬಟ್ಟಲು ಇಲ್ಲಿ ಹಿಂದಿನಿಂದ ಇತ್ತು. ಮನೆಗೆ ಒಯ್ಯಲು ಬೆಂಡು ಬತ್ತಾಸು, ಅಕ್ಕಪಕ್ಕದವರಿಗೆ ಹಂಚಲು ಮಂಡಕ್ಕಿ ಖಾರ. ಇವನ್ನು ಕೊಳ್ಳದೆ ಹಿಂದಿರುಗಿದರೆ ಜಾತ್ರೆಗೆ ಹೋದದ್ದು ಲೆಕ್ಕಕ್ಕೆ ಬಾರದು.

ಹೊಸಬರು ಹೋಗುವುದಾದರೆ ಕೆಲವು ಮಾತು. ತೇರಿನ ದಿನ ತೇರನ್ನು ಮಾತ್ರ ನೋಡಿ. ಅಂದು ತೊಟ್ಟಿಲಿಗೆ ನೂಕುನುಗ್ಗಲು, ಸುತ್ತೂ ಬೇಗ ಮುಗಿಸುತ್ತಾರೆ. ತೇರು ಎಳೆದ ಮೇಲೂ ಆಟಗಳು ಕೆಲವು ದಿನ ನಿಲ್ಲುತ್ತವೆ. ಆಗ ಹೋದರೆ ಅದೇ ಹಣಕ್ಕೆ ಎರಡರಷ್ಟು ಸುತ್ತು. ಬಳ್ಳಾರಿಯಿಂದ ಬರುವವರು ಮಧ್ಯಾಹ್ನದ ಬಿಸಿಲು ತಪ್ಪಿಸಿ ಸಂಜೆ ಐದರ ಹೊತ್ತಿಗೆ ಕುರುಗೋಡು ಸೇರಬೇಕು. ಸೂರ್ಯ ಮುಳುಗುವ ಮುನ್ನ ತೊಟ್ಟಿಲ ತುದಿಯಿಂದ ಒಂದು ಕಡೆ ಬಂಡೆಗಳ ಬೆಟ್ಟ, ಇನ್ನೊಂದು ಕಡೆ ಹಸಿರು ಗದ್ದೆ, ನಡುವೆ ತೇರಿನ ಕಳಸ. ಮೊದಲು ಆಟ, ಅನಂತರ ಮಿರ್ಚಿ; ಈ ಕ್ರಮ ಎಂದೂ ತಲೆಕೆಳಗಾಗಬಾರದು. ಹತ್ತುವ ಮುನ್ನ ಪೆಟ್ಟಿಗೆಯ ಅಡ್ಡಪಟ್ಟಿ, ಅದರ ಚಿಲಕ ಎರಡನ್ನೂ ನೀವೇ ಎಳೆದು ನೋಡಿ. ಗಾಳಿ ಎದ್ದರೆ ಎಷ್ಟೇ ಕರೆದರೂ ಹತ್ತಬೇಡಿ.

ಬಾಗಿಲಿಲ್ಲದ ಬಯಲು

ಈಗ ಗೋಡೆಯೊಳಗಿನ ದೊಡ್ಡ ಆಟದ ಪಾರ್ಕುಗಳ ಕಾಲ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್, ಬೆಂಗಳೂರಿನ ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ಆರಂಭವಾದವು. ನಾನೂ ಅಂಥ ಪಾರ್ಕುಗಳಿಗೆ ಹೋಗಿ ಮೊಮ್ಮಕ್ಕಳೊಡನೆ ಕೂಗಾಡಿ ಬಂದಿದ್ದೇನೆ. ಅಲ್ಲಿನ ಅಚ್ಚುಕಟ್ಟನ್ನು, ಸುರಕ್ಷತೆಯ ಶಿಸ್ತನ್ನು ಜಾತ್ರೆಯವರು ಕಲಿಯಬೇಕೆಂದೇ ನನ್ನ ಮತ.

ಆದರೆ ಒಂದು ಪ್ರಸಂಗ ಮನಸ್ಸಿನಿಂದ ಹೋಗುವುದಿಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯಿಂದ ದೂರದ ಪಾರ್ಕೊಂದಕ್ಕೆ ಪ್ರವಾಸ ಹೊರಟಿತ್ತು. ತರಗತಿಯ ಅರ್ಧದಷ್ಟು ಮಕ್ಕಳು ಹೆಸರು ಕೊಡಲಿಲ್ಲ. ಬಸ್ಸು ಹೋದ ದಿನ ಉಳಿದವರಿಗೆ ಪಾಠ ಹೇಳಲು ನನ್ನನ್ನು ಬಿಟ್ಟಿದ್ದರು. ಯಾರಿಗೂ ಪಾಠ ಬೇಕಿರಲಿಲ್ಲ. ಗದ್ದೆ ಕೂಲಿಯವರ ಮಗಳೊಬ್ಬಳು ಎದ್ದು ನಿಂತು, 'ಸಾರ್, ಅವರು ತೊಟ್ಟಿಲ ಹತ್ರ ಹೋಗ್ಯಾರ. ನಮ್ಮ ಹತ್ರ ತೊಟ್ಟಿಲೇ ಬರ್ತದ, ಹೋಳಿ ಹುಣ್ಣಿವಿಗೆ' ಎಂದಳು. ತರಗತಿಯೆಲ್ಲ ನಕ್ಕಿತು. ಜಾತ್ರೆಯ ಮಹತ್ವದ ಮೇಲೆ ನಾನು ಓದಿದ ಯಾವ ಪುಸ್ತಕವೂ ಅದನ್ನು ಅಷ್ಟು ಚೆನ್ನಾಗಿ ಹೇಳಿಲ್ಲ.

ಜಾತ್ರೆಗೆ ಗೇಟಿಲ್ಲ. ಹಣವಿದ್ದವನು ಹತ್ತುತ್ತಾನೆ, ಇಲ್ಲದವನು ನಿಂತು ನೋಡುತ್ತಾನೆ. ನೋಡುವುದಕ್ಕೆ ಟಿಕೆಟ್ ಇಲ್ಲ. ಮುಂದಿನ ವರ್ಷ ಅವನೂ ಹತ್ತಬಹುದು. ಈ ಹಕ್ಕು ಉಳಿಯಬೇಕಾದರೆ ಬಯಲು ಉಳಿಯಬೇಕು. 2020 ಮತ್ತು 2021ರಲ್ಲಿ ಕೊರೋನಾದಿಂದ ಎಷ್ಟೋ ಜಾತ್ರೆಗಳು ನಿಂತಾಗ, ತೊಟ್ಟಿಲನ್ನೇ ನಂಬಿ ಊರೂರು ತಿರುಗುವ ಸಂಸಾರಗಳು ಕಷ್ಟಕ್ಕೆ ಬಿದ್ದವು. ಆ ರೋಗ ಹೋಯಿತು, ತೊಟ್ಟಿಲು ಮರಳಿ ಬಂತು. ಆದರೆ ಸೈಟುಗಳಾಗಿ, ಅಂಗಡಿ ಸಾಲುಗಳಾಗಿ ಹೋದ ಬಯಲು ಮರಳಿ ಬರುವುದಿಲ್ಲ. ನಮ್ಮ ಊರುಗಳು ಬೆಳೆಯುತ್ತಿವೆ. ಊರು ಬೆಳೆದಂತೆ ಮೊದಲು ಕರಗುವುದು ಜಾತ್ರೆಯ ಜಾಗವೇ. ವರ್ಷದಲ್ಲಿ ಹದಿನೈದು ದಿನ ಮಾತ್ರ ಬಳಕೆಯಾಗುವ ನೆಲವನ್ನು ಖಾಲಿ ಬಿಡುವುದು ದಂಡವೆಂದು ವಾದಿಸುವವರು ಎಲ್ಲ ಊರಿನಲ್ಲೂ ಇದ್ದಾರೆ. ಶಾಲೆಯ ಆಟದ ಮೈದಾನವೂ ದಿನದಲ್ಲಿ ಒಂದೇ ತಾಸು ಬಳಕೆಯಾಗುತ್ತದೆ ಎಂದು ನಾನು ಅವರಿಗೆ ಹೇಳಬಯಸುತ್ತೇನೆ.

ಊರಿನ ಹಿರಿಯರಲ್ಲಿ, ಪುರಸಭೆಯವರಲ್ಲಿ ನನ್ನ ಬೇಡಿಕೆ ಎರಡೇ. ಜಾತ್ರೆಯ ಬಯಲನ್ನು ಅಳೆದು ಗುರುತು ಹಾಕಿ, ಊರ ನಕ್ಷೆಯಲ್ಲಿ ಅದರ ಹೆಸರಿನಲ್ಲೇ ಉಳಿಸಿ. ಆಟಗಳು ತಿರುಗಲು ಆರಂಭಿಸುವ ಮುನ್ನ ಬಲ್ಲ ಎಂಜಿನಿಯರರೊಬ್ಬರಿಂದ ಅವುಗಳ ಕೀಲು, ಬೋಲ್ಟು, ಅಡಿಪಾಯಗಳನ್ನು ಪರೀಕ್ಷೆ ಮಾಡಿಸಿ. ಅರಸರ ಮಹಾನವಮಿ ದಿಬ್ಬವನ್ನು ಕಾಯಲು ಪುರಾತತ್ತ್ವ ಇಲಾಖೆ ಇದೆ. ಹುಡುಗಿಯೊಬ್ಬಳು ಹೋಳಿ ಹುಣ್ಣಿಮೆಗೆ ಕಾದು ಕುಳಿತಿರುವ ಆ ಖಾಲಿ ನೆಲವನ್ನು ಕಾಯಲು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.